ಅಳಿಸಿಹೋದ ಎರಡು ದಳ

ಅಣ್ಣನ ಹದಿಮೂರನೇ ದಿನದ ಊಟ ಮುಗಿದು ಎಲೆ ಎತ್ತುತ್ತಿದ್ದ ಹೊತ್ತಿಗೆ ರಾಮಾತಾಳ್ ಬಂದು ಗೇಟಿನ ಹೊರಗೆ ನಿಂತಳು. ಅವಳು ಅಣ್ಣನ ಜೀಪಿನ ಡ್ರೈವರ್ ಅಂಗಪ್ಪನ್‌ನ ಹೆಂಡತಿ. ಆ ದಿನ ನನ್ನ ಪಾಲಿಗೆ ಅಣ್ಣನನ್ನು ಕೊಂದವನ ಹೆಂಡತಿ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಅವಳೂ ಒಳಗೆ ಕಾಲಿಡಲಿಲ್ಲ.

"ಚಿನ್ನ ಸಾಮೀ," ಎಂದಳು ತಮಿಳಿನಲ್ಲಿ. ಅಣ್ಣ ಅವರಿಗೆ ಪೆರಿಯ ಸಾಮಿ, ಅಂದರೆ ದೊಡ್ಡ ಸ್ವಾಮಿ, ನಾನು ಚಿನ್ನ ಸಾಮಿ, ಚಿಕ್ಕವನು. "ನೀವೊಂದ್ಸಲ ಆ ಜೀಪು ವಂಡಿ ಅಡೀಲಿ ನೋಡಿ ಸಾಮಿ. ಬ್ರೇಕು ಹಿಡೀಲಿಲ್ಲ ಅಂತ ಅವ್ರು ಬಾಯಿ ಬಡ್ಕೊಳ್ತಿದಾರೆ, ಪೊಲೀಸ್ನೋರು ನಂಬ್ತಿಲ್ಲ. ನೀವು ಹೇಳಿದ್ರೆ ನಂಬ್ತಾರೆ."

"ನೋಡಾಗಿದೆ, ಹೋಗು," ಎಂದೆ. "ಆಯುಧಪೂಜೆ ದಿನ ನನ್ನ ಕಣ್ಣಾರೆ ನೋಡಿದೀನಿ. ಎಲ್ಲೂ ಸೋರ್ತಾ ಇರಲಿಲ್ಲ. ನಿನ್ನ ಗಂಡ ಘಟ್ಟದಲ್ಲಿ ತಲೆ ಕೆಟ್ಟವನ ಹಾಗೆ ಇಳಿಸ್ಕೊಂಡು ಬಂದು ನಮ್ಮಣ್ಣನ್ನ ಬಂಡೆಗೆ ಹೊಡೆದ. ಅವನಿಗೇನಾಯ್ತು? ಒಂದು ಕಾಲು ಮುರೀತು, ಅಷ್ಟೇ ತಾನೆ?"

ಇನ್ನೂ ಏನೇನೋ ಅಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಹದಿಮೂರು ದಿನದಿಂದ ಅಳು ಬಾರದೆ ಕೂತಿದ್ದವನಿಗೆ ಬೈಯಲು ಒಬ್ಬಳು ಸಿಕ್ಕಿದ್ದಳು, ಬಿಡುತ್ತೇನೆಯೇ? ಅವಳು ಎಲ್ಲವನ್ನೂ ಕೇಳಿಸಿಕೊಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೆಟ್ಟುಪಾಳ್ಯಂ ರಸ್ತೆಯ ಬಸ್‌ಸ್ಟಾಪಿನ ಕಡೆಗೆ ನಡೆದುಹೋದಳು.

ನನ್ನ ಮಾತಿಗೆ ಅಷ್ಟು ಬೆಲೆ ಯಾಕೆಂದರೆ ನಾನು ಇನ್ಶೂರೆನ್ಸ್ ಸರ್ವೇಯರ್. ಅಪಘಾತವಾದ ಗಾಡಿಗಳನ್ನು ನೋಡಿ ಏನು ಮುರಿದಿದೆ, ಯಾಕೆ ಮುರಿಯಿತು ಎಂದು ಬರೆದುಕೊಡುವುದು ನನ್ನ ಹೊಟ್ಟೆಪಾಡು. ಇಪ್ಪತ್ತೆರಡು ವರ್ಷವಾಯಿತು. ಕೊಯಮತ್ತೂರು, ತಿರುಪ್ಪೂರು, ಪೊಳ್ಳಾಚಿ ಸುತ್ತಮುತ್ತ ನಜ್ಜುಗುಜ್ಜಾದ ಎಷ್ಟೋ ಗಾಡಿಗಳ ಅಡಿಯಲ್ಲಿ ಮಲಗಿ ಎದ್ದಿದ್ದೇನೆ. 'ಬ್ರೇಕು ಹಿಡೀಲಿಲ್ಲ' ಅನ್ನುವುದು ಪ್ರತಿಯೊಬ್ಬ ಡ್ರೈವರನ ಮೊದಲ ಮಾತು. ಹತ್ತರಲ್ಲಿ ಒಂಬತ್ತು ಜನ ಸುಳ್ಳು ಹೇಳುತ್ತಾರೆ. ಆ ಸುಳ್ಳನ್ನು ಕಂಡುಹಿಡಿಯುವುದರಲ್ಲಿ ನನಗೆ ಹೆಸರಿತ್ತು, ಹೆಸರಿನ ಜೊತೆಗೆ ಜಂಬವೂ ಇತ್ತು.

ಅಣ್ಣ ವ್ಯಾಸರಾಯ ದನದ ಡಾಕ್ಟರು. ಮದುವೆಯಾಗಲಿಲ್ಲ. ಪೆರಿಯನಾಯಕನಪಾಳ್ಯಂನ ಮನೆಯಲ್ಲಿ ಅಮ್ಮನ ಜೊತೆ ಇದ್ದ, ನಾನು ಹೆಂಡತಿ ಮಕ್ಕಳ ಜೊತೆ ಗಾಂಧಿಪುರಂನಲ್ಲಿದ್ದೆ. ಸರ್ಕಾರಿ ಕೆಲಸದಿಂದ ನಿವೃತ್ತನಾದ ಮೇಲೂ ಅವನಿಗೆ ಹಸುಗಳ ಹುಚ್ಚು ಬಿಡಲಿಲ್ಲ. ಬಸ್ಸು ಹೋಗದ ತೋಟಗಳಿಗೆ, ಎಸ್ಟೇಟುಗಳಿಗೆ ಹೋಗಲೆಂದು ಕೆಲಸದಲ್ಲಿದ್ದಾಗಲೇ ಹರಾಜಿನಲ್ಲಿ ಒಂದು ಹಳೆಯ ಫೋರ್‌ವೀಲ್ ಜೀಪು ಹಿಡಿದಿದ್ದ. ಹದಿನೆಂಟು ವರ್ಷದ ಗಾಡಿ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗಬೇಕಾದ್ದರಿಂದ ಅದರ ಹೊಟ್ಟೆಯಡಿ ಬೇರೆ ಗಾಡಿಗಳಿಗಿಂತ ಎರಡು ಪೆಟ್ಟಿಗೆ ಹೆಚ್ಚು, ಪ್ರತಿ ಪೆಟ್ಟಿಗೆಯಲ್ಲೂ ಆಯಿಲು, ಪ್ರತಿ ಸೀಲಿನಲ್ಲೂ ಒಂದಿಷ್ಟು ಜಿನುಗು. ಅಂಥ ಜೀಪು ಇಟ್ಟುಕೊಂಡವರು ಅಡಿಯಲ್ಲಿ ಒಂದೆರಡು ಹನಿ ಬಿದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಗಪ್ಪನ್ ಹನ್ನೊಂದು ವರ್ಷ ಅದನ್ನು ಓಡಿಸಿದ್ದ.

ಎರಡು ಸಾವಿರದ ನಾಲ್ಕು, ದೀಪಾವಳಿಗೆ ಇನ್ನು ಐದು ದಿನ. ವಾಲ್ಪಾರೈ ಕಡೆಯ ಒಂದು ಎಸ್ಟೇಟಿನಲ್ಲಿ ಹಸುಗಳನ್ನು ನೋಡಿ ಮಧ್ಯಾಹ್ನ ಘಟ್ಟ ಇಳಿಯುತ್ತಿದ್ದಾಗ, ಬಲಗಡೆ ಪ್ರಪಾತ ಎಡಗಡೆ ಬಂಡೆ ಇದ್ದ ಒಂದು ತಿರುವಿನಲ್ಲಿ ಜೀಪು ಬಂಡೆಗೆ ಬಡಿಯಿತು. ಅಣ್ಣ ಎಡಗಡೆಯ ಸೀಟಿನಲ್ಲಿದ್ದ. ಅಲ್ಲೇ ಹೋದ.

ಅಂಗಪ್ಪನ್‌ನನ್ನು ಪೊಲೀಸರು ಆಸ್ಪತ್ರೆಯಲ್ಲೇ ಅರೆಸ್ಟ್ ಮಾಡಿದರು. ಮಂಚದ ಪಕ್ಕ ಒಬ್ಬ ಕಾನ್‌ಸ್ಟೇಬಲ್. ಗಾಡಿ ನೋಡಿದ ಮೋಟಾರ್ ಇನ್‌ಸ್ಪೆಕ್ಟರು, ಮುಂದಿನ ಎಡ ಚಕ್ರದ ಬ್ರೇಕ್ ಪೈಪು ಡಿಕ್ಕಿಯ ಏಟಿಗೆ ತುಂಡಾಗಿದೆ, ಅದಕ್ಕೆ ಮೊದಲು ಬ್ರೇಕು ಸರಿಯಿತ್ತು ಎಂದು ಬರೆದಿದ್ದರು. ಆ ಕಾಗದ ನಿಂತರೆ ಅಂಗಪ್ಪನ್ ಜೈಲಿಗೆ ಹೋಗುತ್ತಾನೆ, ಅಷ್ಟೇ. ನನಗೂ ಅದೇ ಬೇಕಿತ್ತು.

ಅವಳನ್ನು ಬೈದು ಒಳಗೆ ಬಂದರೆ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಮ್ಮ ಅಮ್ಮ ರುಕ್ಮಿಣಮ್ಮ. ಎಪ್ಪತ್ತೆಂಟು ವರ್ಷ, ಎರಡು ಮಂಡಿಯೂ ಹೋಗಿದೆ, ಗಂಟಲು ಮಾತ್ರ ಗಟ್ಟಿ.

"ಯಾಕಡಾ ಆ ಹೆಣ್ಣನ್ನ ಹಂಗೆ ತಿಟ್ಟಿದೆ?" ಎಂದಳು. "ನೋಡು ಅಂದ್ರೆ ಹೋಗಿ ನೋಡ್ಬಿಡು. ಇಲ್ಲಾಂದ್ರೆ ಇಲ್ಲಾಂತ ಬರ್ದು ಕುಡು. ಅವಳ ಮನಸ್ಸೂ ಸಮಾಧಾನ ಆಗತ್ತೆ."

ಸರಿ, ಬರೆದೇ ಕೊಡುತ್ತೇನೆ ಎಂದುಕೊಂಡೆ. ಇನ್‌ಸ್ಪೆಕ್ಟರರ ಕಾಗದದಲ್ಲಿ ಎಲ್ಲಾದರೂ ಸಂದಿ ಉಳಿದಿದ್ದರೆ ಅದನ್ನೂ ಮುಚ್ಚಿಬಿಡಬೇಕು, ಯಾವ ವಕೀಲನೂ ಅಂಗಪ್ಪನ್‌ನನ್ನು ಬಿಡಿಸಿಕೊಂಡು ಬರಬಾರದು. ನ್ಯಾಯಕ್ಕಾಗಿ ಹೊರಟೆ ಎಂದು ಯಾರೂ ನನ್ನನ್ನು ಹೊಗಳಬೇಡಿ. ಹೊಟ್ಟೆಯುರಿಗೆ ಹೊರಟವನು ನಾನು.

ಜೀಪನ್ನು ಪೊಳ್ಳಾಚಿಯಲ್ಲಿ ಲಿಂಗಸಾಮಿ ಎಂಬ ಮೆಕ್ಯಾನಿಕ್‌ನ ಶೆಡ್ಡಿಗೆ ಎಳೆದು ಹಾಕಿದ್ದರು. ಘಟ್ಟದಲ್ಲಿ ಬಿದ್ದ ಗಾಡಿಗಳೆಲ್ಲ ಅಲ್ಲಿಗೇ ಬರುತ್ತವೆ. ಲಿಂಗಸಾಮಿಗೆ ಅರವತ್ತು ದಾಟಿದೆ, ನನಗೆ ಹಳೆಯ ಪರಿಚಯ. ಪೊಲೀಸರ ಅನುಮತಿ ಚೀಟಿ ತೋರಿಸಿದೆ. ಅವನು ಚೀಟಿಯನ್ನು ನೋಡಲಿಲ್ಲ, ನನ್ನ ಬೋಳಿಸಿದ ತಲೆ ನೋಡಿದ.

"ನೀವೇ ನೋಡ್ಬೇಕಾ ಸಾರ್? ಬೇರೆ ಯಾರಾದ್ರೂ..."

"ನಾನೇ ನೋಡ್ಬೇಕು."

ಎಡಗಡೆಯ ಬಾಗಿಲಿರಬೇಕಾದ ಜಾಗದಲ್ಲಿ ತಗಡು ಮುದ್ದೆಯಾಗಿತ್ತು. ಸೀಟಿನ ಕೆಳಗೆ ಅಣ್ಣನ ಒಂದು ಚಪ್ಪಲಿ ಸಿಕ್ಕಿಕೊಂಡಿತ್ತು. ನಾನು ಅದನ್ನು ನೋಡಿಯೂ ನೋಡದವನ ಹಾಗೆ ಹಿಂದಕ್ಕೆ ಹೋದೆ.

ಹಳೆಯ ಜೀಪಿನಲ್ಲಿ ನಾಲ್ಕು ಚಕ್ರದ ಬ್ರೇಕಿಗೂ ಒಂದೇ ದಾರಿ. ಡ್ರೈವರನ ಕಾಲಡಿ ಒಂದು ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇರುತ್ತದೆ, ಪೆಡಲ್ ಒತ್ತಿದರೆ ಅದೇ ಆಯಿಲು ಸಣ್ಣ ಪೈಪುಗಳಲ್ಲಿ ನುಗ್ಗಿ ನಾಲ್ಕನ್ನೂ ಹಿಡಿಸುತ್ತದೆ. ಎಲ್ಲಾದರೂ ಒಂದು ಕಡೆ ಸೋರಿ ಡಬ್ಬಿ ಖಾಲಿಯಾದರೆ ನಾಲ್ಕೂ ಹೋದವು. ಹಾಗಾಗಿ ನಾನು ತೋರಿಸಬೇಕಾದದ್ದು ಇಷ್ಟೇ: ಮುಂದೆ ತುಂಡಾದ ಆ ಪೈಪು ಬಿಟ್ಟರೆ ಬೇರೆ ಎಲ್ಲೂ ಸೋರಿಕೆ ಇಲ್ಲ.

ಲಿಂಗಸಾಮಿ ತುಂಡಾದ ಪೈಪಿನ ಬಾಯಿಯನ್ನು ಮಡಿಸಿ ಬಡಿದು ಮುಚ್ಚಿದ. ಹಿಂಭಾಗವನ್ನು ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದೆವು. ಅಡಿಯೆಲ್ಲ ಕಪ್ಪು ಮುದ್ದೆ. ಆಯುಧಪೂಜೆಗೆಂದು ವಾಟರ್ ಸರ್ವೀಸ್ ಮಾಡಿಸಿ ಅಡಿಗೆ ಆಯಿಲ್ ಸ್ಪ್ರೇ ಹೊಡೆಸಿದ್ದರು. ನಮ್ಮ ಕಡೆ ಗಾಡಿಗೆ ಅದು ಹಬ್ಬದ ಎಣ್ಣೆಸ್ನಾನ, ಅಡಿಯೆಲ್ಲ ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ. ಅದರ ಮೇಲೆ ಘಟ್ಟದ ಧೂಳು ಕೂತು ಗಟ್ಟಿಯಾಗಿತ್ತು. ತಿರುಪ್ಪೂರಿನ ಬನಿಯನ್ ವೇಸ್ಟನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ಇಬ್ಬರೂ ಒರೆಸಿದೆವು. ಒಂದು ಮೂಟೆ ಬಟ್ಟೆ ಖರ್ಚಾಯಿತು, ಒಂದೂವರೆ ಗಂಟೆ ಹಿಡಿಯಿತು. ಲೋಹದ ಬಣ್ಣ ಕಂಡ ಮೇಲೆ ಲಿಂಗಸಾಮಿ ಮುಖಕ್ಕೆ ಹಾಕುವ ಪೌಡರ್ ಡಬ್ಬಿ ತಂದು, ಪೈಪಿನ ಉದ್ದಕ್ಕೂ, ಪ್ರತಿ ಜಾಯಿಂಟಿನ ಮೇಲೂ ಉದುರಿಸಿದ. ಒಂದು ತೊಟ್ಟು ಒಸರಿದರೂ ಬಿಳಿ ಪೌಡರು ಒದ್ದೆಯಾಗಿ ಜಾಗ ತೋರಿಸಿಬಿಡುತ್ತದೆ. ಡಬ್ಬಿಗೆ ಹೊಸ ಬ್ರೇಕ್ ಆಯಿಲ್ ತುಂಬಿದೆವು.

"ನೀವು ಪೆಡಲ್ ಒತ್ತಿ ಸಾರ್, ನಾನು ನೋಡ್ತೀನಿ," ಎಂದ.

"ನೀನು ಒತ್ತು. ನಾನು ಮಲಗ್ತೀನಿ," ಎಂದೆ.

ಗೋಣಿಚೀಲ ಹಾಸಿಕೊಂಡು ಹಿಂದಿನ ಅಚ್ಚಿನ ಕೆಳಗೆ ಅಂಗಾತ ಮಲಗಿದೆ. ಮೇಲೆ ಲಿಂಗಸಾಮಿ ಹತ್ತು ಸಲ ಒತ್ತಿದ, ಇಪ್ಪತ್ತು ಸಲ ಒತ್ತಿದ. ಪೌಡರು ಹಾಗೇ ಇತ್ತು. ನನಗೆ ಒಳಗೊಳಗೇ ಗೆದ್ದ ಖುಷಿ. ಎದ್ದುಬಿಡೋಣ ಎಂದುಕೊಳ್ಳುವಷ್ಟರಲ್ಲಿ, ಚಾಸಿಯಿಂದ ಹಿಂದಿನ ಅಚ್ಚಿಗೆ ಬರುವ ರಬ್ಬರ್ ಹೋಸ್‌ನ ಬುಡದಲ್ಲಿ, ಬಿಳಿ ಪೌಡರಿನ ನಡುವೆ ಒಂದು ಸಾಸಿವೆಯಷ್ಟು ಕಪ್ಪು ಕಂಡಿತು. ನೋಡುತ್ತಿದ್ದಂತೆ ಅದು ಕಡಲೆಯಷ್ಟಾಯಿತು. ಆಮೇಲೆ ಉದ್ದವಾಗಿ ಇಳಿದು, ಹನಿಯಾಗಿ ತೂಗಿ, ನನ್ನ ಕೆನ್ನೆಯ ಮೇಲೆ ಬಿತ್ತು.

ಎದ್ದು ಕೂತೆ. ಲಿಂಗಸಾಮಿ ಇಳಿದು ಬಂದು ಬೆರಳಲ್ಲಿ ಮುಟ್ಟಿ ಉಜ್ಜಿ ನೋಡಿದ. ಟೀ ಕುಡಿದಿದ್ದ ಗಾಜಿನ ಲೋಟದಲ್ಲಿ ನೀರು ತಂದು ಒಂದು ಹನಿ ಬಿಟ್ಟ. ಗೇರ್ ಆಯಿಲಾಗಿದ್ದರೆ ಮೇಲೆ ತೇಲಬೇಕಿತ್ತು. ಅದು ನೀರಿನಲ್ಲಿ ಕರಗಿ ಕಾಣದಾಯಿತು.

"ಬ್ರೇಕ್ ಆಯಿಲೇ ಸಾರ್," ಎಂದ.

"ಡಿಕ್ಕಿ ಏಟಿಗೆ ಲೂಸಾಗಿರುತ್ತೆ."

ಅವನು ಟಾರ್ಚ್ ಹಿಡಿದು ಹೋಸ್‌ನ ಕೆಳಗೆ ಅಚ್ಚಿನ ಮೈ ತೋರಿಸಿದ. ಬ್ರೇಕ್ ಆಯಿಲಿಗೆ ಒಂದು ಕೆಟ್ಟ ಗುಣವಿದೆ, ಬಿದ್ದ ಕಡೆ ಪೇಂಟನ್ನು ತಿನ್ನುತ್ತದೆ. ಅಚ್ಚಿನ ಮೇಲೆ ಅಂಗೈಯಗಲ ಕರಿ ಪೇಂಟು ಸುಲಿದುಹೋಗಿತ್ತು. ಸುಲಿದ ಜಾಗದಲ್ಲಿ ಕಬ್ಬಿಣ ಹೊಳೆಯುತ್ತಿರಲಿಲ್ಲ. ದಪ್ಪ ತುಕ್ಕು ಕೂತಿತ್ತು.

"ಏಟಿಗೆ ಲೂಸಾದ್ರೆ ತುಕ್ಕು ಹಳೇ ತಾರೀಕು ಹಾಕ್ಕೊಂಡು ಬರತ್ತಾ ಸಾರ್?" ಎಂದ ಲಿಂಗಸಾಮಿ. "ಇದು ಮೂರು ತಿಂಗಳ ಸೋರಿಕೆ. ದಿನಕ್ಕೆ ನಾಲ್ಕೋ ಐದೋ ತೊಟ್ಟು. ಘಟ್ಟದಲ್ಲಿ ಒತ್ತಿ ಒತ್ತಿ ಇಳಿಯುವಾಗ ಒಂದೇ ಸಲ ಹೋಗಿದೆ."

"ಆಯುಧಪೂಜೆ ದಿನ ನಾನು ನೋಡಿದೀನಿ ಲಿಂಗಸಾಮಿ! ನಾನೇ!"

ಅವನು ಬೆರಳನ್ನು ಬನಿಯನ್ ಬಟ್ಟೆಗೆ ಒರೆಸಿಕೊಳ್ಳುತ್ತಾ ಕೇಳಿದ: "ಮಲಗಿ ನೋಡಿದ್ರಾ ಸಾರ್, ಬಗ್ಗಿ ನೋಡಿದ್ರಾ?"

ನಾನು ಕಾರು ಹತ್ತಿ ಬಂದುಬಿಟ್ಟೆ.

ಪೊಳ್ಳಾಚಿಯಿಂದ ಬರುವ ದಾರಿಯುದ್ದಕ್ಕೂ ನಾನು ವಾದ ಕಟ್ಟುತ್ತಿದ್ದೆ. ಲಿಂಗಸಾಮಿ ಮುದುಕ, ತುಕ್ಕಿನ ವಯಸ್ಸು ಅವನಿಗೇನು ಗೊತ್ತು? ಮೂರು ತಿಂಗಳು ದಿನಾ ಸೋರಿದ್ದರೆ ಮನೆಯ ಅಂಗಳದಲ್ಲಿ ಕಲೆ ಇರಬೇಕಲ್ಲ? ಜೀಪು ಪ್ರತಿ ಸಂಜೆ ಗೇಟಿನೊಳಗೆ ಬಂದು ನಿಲ್ಲುತ್ತಿತ್ತು. ಅಮ್ಮನ ಅಂಗಳವೋ ಕನ್ನಡಿಯ ಹಾಗೆ. ಒಂದು ಎಣ್ಣೆಯ ಚುಕ್ಕೆ ಬಿದ್ದರೂ ಅವಳು ಊರು ಒಂದು ಮಾಡುತ್ತಿದ್ದಳು. ಅಂಗಳದಲ್ಲಿ ಕಲೆ ಇಲ್ಲ, ಆದ್ದರಿಂದ ಸೋರಿಕೆ ಇರಲಿಲ್ಲ. ಇದನ್ನು ಹೇಳಿಕೊಂಡು ಹೇಳಿಕೊಂಡು ಧೈರ್ಯ ತಂದುಕೊಂಡು ಗೇಟು ತೆಗೆದೆ.

ನೀವು ರಂಗೋಲಿ ಅನ್ನುವುದನ್ನು ನಾವು ಕೋಲ ಅನ್ನುತ್ತೇವೆ, ಮನೆ ಮುಂದಿನ ಅಂಗಳವನ್ನು ವಾಸಲ್ ಅನ್ನುತ್ತೇವೆ. ನಾಲ್ಕು ತಲೆಮಾರು ಇಲ್ಲಿದ್ದು ನಮ್ಮ ಕನ್ನಡಕ್ಕೆ ಹತ್ತಿದ ಬಣ್ಣ ಇದು. ಗಂಡ ಸತ್ತವಳು ಕೋಲ ಹಾಕಬಾರದು ಎಂದು ಯಾರೋ ನೆಂಟರು ಅಂದಾಗ, "ಹಾಗಾದ್ರೆ ದಿನಾ ಬೆಳಗ್ಗೆ ನೀನು ಬಂದು ಹಾಕು" ಎಂದು ಬಾಯಿ ಮುಚ್ಚಿಸಿದವಳು ನಮ್ಮಮ್ಮ. ಮಂಡಿ ನೋವು ಜಾಸ್ತಿಯಾದ ಮೇಲೆ ಅಣ್ಣ ಪೇಂಟರನ್ನು ಕರೆಸಿ ಸಿಮೆಂಟು ನೆಲದ ಮೇಲೆ ದೊಡ್ಡದೊಂದು ತಾವರೆಯನ್ನು ಬಿಳಿ ಪೇಂಟಿನಲ್ಲಿ ಬರೆಸಿಕೊಟ್ಟಿದ್ದ. ಆದರೂ ಬೆಳಗ್ಗೆ ಅಂಗಪ್ಪನ್ ಬಂದು ಜೀಪನ್ನು ರಸ್ತೆಗೆ ತೆಗೆದ ಕೂಡಲೇ ಅಮ್ಮ ನೀರು ಹಾಕಿ ಗುಡಿಸಿ ತೊಳೆದು, ಪೇಂಟಿನ ಗೆರೆಗಳ ಮೇಲೆಯೇ ಪುಡಿ ಎಳೆಯುತ್ತಿದ್ದಳು. ಬರೀ ಪೇಂಟು ಬಿಟ್ಟರೆ ಲಕ್ಷ್ಮಿ ಬರುವುದಿಲ್ಲವಂತೆ.

ಸಾವಿನ ಮನೆ, ಹದಿನೈದು ದಿನದಿಂದ ಪುಡಿ ಬಿದ್ದಿರಲಿಲ್ಲ. ಬರೀ ಪೇಂಟಿನ ತಾವರೆ ಬಿಸಿಲಿನಲ್ಲಿ ಮಲಗಿತ್ತು. ಎಂಟು ದಳದಲ್ಲಿ ಎರಡು ದಳ ಇರಲಿಲ್ಲ. ಗೇಟಿನ ಕಡೆಯ ಆ ಎರಡು ದಳದ ಜಾಗದಲ್ಲಿ ಪೇಂಟು ಎದ್ದುಹೋಗಿ ಬೋಳು ಸಿಮೆಂಟು ಕಾಣುತ್ತಿತ್ತು. ಮೂರು ತಿಂಗಳು ನಾನು ಬಂದಾಗಲೆಲ್ಲ ಅದರ ಮೇಲೆ ನಡೆದಿದ್ದೆ. ಅಮ್ಮನ ಪುಡಿ ಅದನ್ನು ಮುಚ್ಚಿತ್ತು.

ಕಾರಿನಿಂದ ಟೇಪು ತಂದೆ. ಜಗಲಿಯ ಹತ್ತಿರ ಜೀಪಿನ ಮುಂದಿನ ಚಕ್ರ ತಾಗಿ ನಿಲ್ಲಲೆಂದು ಹಾಕಿದ್ದ ಕಲ್ಲಿತ್ತು. ಅಲ್ಲಿಂದ ಅಳೆದೆ. ಎಂಟೂವರೆ ಅಡಿ. ಹಿಂದಿನ ಅಚ್ಚು ಬರುವುದು ಸರಿಯಾಗಿ ಅಲ್ಲಿಗೇ.

ಅಮ್ಮ ಬಾಗಿಲಿಗೆ ಬಂದಳು. "ಏನಡಾ ಅಳೀತಿದೀಯೆ?"

"ಅಮ್ಮಾ, ಈ ಪೇಂಟು ಯಾವಾಗ ಹೋಯ್ತು?"

"ಅದಾ? ಆಡಿ ಮಾಸದಲ್ಲೇ ಶುರುವಾಯ್ತು, ಮೂರು ತಿಂಗಳ ಮೇಲಾಯ್ತು. ಆ ಪೇಂಟರ್ ಕಳ್ಳ, ಮಟ್ಟ ಪೇಂಟು ಹೊಡ್ದಿದಾನೆ. ಬೆಳಗ್ಗೆ ನೋಡಿದ್ರೆ ಅಲ್ಲಿ ಮಾತ್ರ ವಳವಳಾಂತ ಜಾರ್ತಾ ಇರತ್ತೆ. ತಣ್ಣಿ ಹೊಯ್ದರೆ ಹೋಗ್ಬಿಡತ್ತೆ."

"ಅಣ್ಣಂಗೆ ಹೇಳಿಲ್ವಾ?"

"ಎಣ್ಣೆಯಾಗಿದ್ರೆ ಹೇಳ್ತಿದ್ದೆ. ಎಣ್ಣೆ ಸೋಪು ಹಾಕಿ ಉಜ್ಜಿದ್ರೂ ಹೋಗಲ್ಲ, ನಂಗೆ ತಿಳಿಯದಾ? ಇದು ಬರೀ ತಣ್ಣೀಲೇ ಹೋಗತ್ತೆ. ವಂಡಿ ತೊಳ್ದ ನೀರು ಇರ್ಬೇಕೂಂತ ಸುಮ್ನಿದ್ದೆ. ಯಾಕೆ, ಏನಾಯ್ತು?"

"ಏನಿಲ್ಲ," ಎಂದೆ. ಜಗಲಿಯ ಮೇಲೆ ಕೂತೆ.

ಆಯುಧಪೂಜೆಯ ದಿನ ಏನಾಯಿತೆಂದು ಈಗ ಹೇಳಬೇಕು. ಪೂಜೆಗೆ ನಾನು ಅಮ್ಮನ ಮನೆಗೆ ಬಂದಿದ್ದೆ. ಸ್ನಾನ ಮಾಡಿ ಮಡಿ ಪಂಚೆ ಉಟ್ಟಿದ್ದೆ. ಮಡಿಯಲ್ಲಿದ್ದವನು ಪೂಜೆ ಮುಗಿಯುವವರೆಗೆ ಮೈಲಿಗೆಯದನ್ನು ಮುಟ್ಟುವ ಹಾಗಿಲ್ಲ, ಇನ್ನು ಗಾಡಿಯ ಅಡಿ ಮಲಗುವುದೆಲ್ಲಿ ಬಂತು. ಜೀಪಿಗೆ ಗಂಧ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಗಿತ್ತು. ಅಂಗಪ್ಪನ್ ಕೈಕಟ್ಟಿಕೊಂಡು ಬಂದು, "ಚಿನ್ನ ಸಾಮಿ, ಬ್ರೇಕ್ ಆಯಿಲ್ ಕಮ್ಮಿ ಆಗ್ತಾನೇ ಇದೆ, ಎಲ್ಲಿ ಹೋಗ್ತಿದೆ ತಿಳೀತಿಲ್ಲ, ನೀವೊಂದ್ಸಲ ನೋಡಿ," ಎಂದ. ಅವನ ಕೈಯಿಂದ ಟಾರ್ಚು ಕೂಡ ತೆಗೆದುಕೊಳ್ಳಲಿಲ್ಲ, ಅವನೇ ಹಿಡಿದ. ನಾನು ದೂರದಿಂದ ಬಗ್ಗಿ ನೋಡಿದೆ. ಹಿಂದಿನ ದಿನ ಹೊಡೆಸಿದ ಸ್ಪ್ರೇಗೆ ಅಡಿಯೆಲ್ಲ ಒಂದೇ ಸಮ ಮಿರಮಿರ ಮಿಂಚುತ್ತಿತ್ತು. ಅದರಲ್ಲಿ ಒಂದು ಹನಿಯನ್ನು ದೇವರೇ ಬಂದರೂ ಗುರುತಿಸಲಾರ. ಅಂಥ ಅಡಿಯನ್ನು ಒರೆಸದೆ ಏನೂ ಹೇಳಬಾರದು ಎಂದು ಹೊಸ ಸರ್ವೇಯರುಗಳಿಗೆ ಪಾಠ ಮಾಡುವವನು ನಾನು. ಆ ದಿನ ಎದ್ದು ನಿಂತು, "ಸ್ಪ್ರೇ ಆಯಿಲ್ ಅಷ್ಟೇ ಕಣಯ್ಯಾ, ಸೋರಿಕೆ ಒಂದೂ ಇಲ್ಲ," ಎಂದು ದೊಡ್ಡ ಗಂಟಲಿನಲ್ಲಿ ತೀರ್ಪು ಕೊಟ್ಟೆ. ಅಣ್ಣ ಪಕ್ಕದಲ್ಲೇ ನಿಂತು ತಲೆಯಾಡಿಸಿದ.

ಅಂಗಳ ಅಳೆದ ಮರುದಿನ ಆಸ್ಪತ್ರೆಗೆ ಹೋದೆ. ಅಂಗಪ್ಪನ್‌ಗೆ ಹೊದಿಕೆ ಹೊದಿಸಿತ್ತು. ಎಡಗಾಲಿನ ಕಡೆ ಹೊದಿಕೆ ಮೊಣಕಾಲಿನವರೆಗೆ ಎತ್ತರವಿದ್ದು ಆಮೇಲೆ ಮಂಚಕ್ಕೆ ಸಮನಾಗಿತ್ತು. ಕಾಲು ಕೊಳೆತು ಹಿಂದಿನ ವಾರ ಕತ್ತರಿಸಿದ್ದರಂತೆ. 'ಒಂದು ಕಾಲು ಮುರೀತು, ಅಷ್ಟೇ ತಾನೆ' ಎಂದು ನಾನು ಬೈಯುವಾಗ ರಾಮಾತಾಳ್ ಅದನ್ನೂ ಹೇಳಿರಲಿಲ್ಲ. ಅವಳು ನನ್ನನ್ನು ನೋಡಿ ಸ್ಟೂಲಿನಿಂದ ಎದ್ದು ನಿಂತಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

"ಹಿಂದಿನ ಹೋಸ್," ಎಂದೆ.

ಅಂಗಪ್ಪನ್ ಕಣ್ಣು ಮುಚ್ಚಿಕೊಂಡ. "ಅಲ್ಲೇನಾ? ನಾನು ಡಬ್ಬಿ ಹತ್ರಾನೇ ನೋಡ್ತಿದ್ದೆ." ತಾನಾಗಿಯೇ ಮುಂದುವರಿಸಿದ. "ಪೂಜೆ ಆದ್ಮೇಲೂ ಕಮ್ಮಿ ಆಯ್ತು ಸಾಮಿ. ವರ್ಕ್‌ಶಾಪಿಗೆ ಬಿಡೋಣ ಅಂತ ಪೆರಿಯ ಸಾಮಿ ಹತ್ರ ಕೇಳ್ದೆ. 'ನನ್ನ ತಮ್ಮ ಪ್ರಸಾದ ನೋಡಿದಾನೆ, ಅವನಿಗಿಂತ ದೊಡ್ಡ ಮೆಕ್ಯಾನಿಕ್ಕಾ?' ಅಂದ್ರು. ನಾನೂ ತಪ್ಪು ಮಾಡ್ದೆ. ಆಯಿಲ್ ಹಾಕಿ ಹಾಕಿ ಓಡಿಸ್ದೆ. ಅವತ್ತು ಪೆಡಲು ನೆಲಕ್ಕೆ ಹೋಯ್ತು, ಹ್ಯಾಂಡ್ ಬ್ರೇಕು ಕೈಗೇ ಬಂತು. ಬಲಗಡೆ ಹೋಗಿದ್ರೆ ಇಬ್ರೂ ಇಲ್ಲ. ಅದಕ್ಕೇ ಎಡಗಡೆ ತಿರುಗಿಸ್ದೆ."

"ಇದನ್ನ ಪೊಲೀಸ್ನೋರಿಗೆ ಯಾಕೆ ಹೇಳ್ಲಿಲ್ಲ? ನಾನು ನೋಡಿ ಸರಿಯಿದೆ ಅಂದೆ ಅಂತ?"

ಅವನು ಹೆಂಡತಿಯ ಕಡೆ ನೋಡಿದ, ಆಮೇಲೆ ನನ್ನ ಕಡೆ. "ಹೇಳಿದ್ರೆ ಅಮ್ಮನ ಕಿವಿಗೆ ಹೋಗತ್ತೆ ಸಾಮಿ. ಒಬ್ಬ ಮಗ ಹೋದ. ಉಳಿದವನ ಮುಖಾನಾದ್ರೂ ಅವ್ರು ನೋಡ್ಬೇಕಲ್ಲ."

ಜೈಲಿಗೆ ಹೋಗಲಿರುವವನು ಹೇಳಿದ ಮಾತು ಇದು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಅಣ್ಣ ಸತ್ತ ಮೇಲೆ ಮೊದಲ ಸಲ ಅತ್ತದ್ದು ಅಲ್ಲಿ. ಅಣ್ಣನಿಗಾಗಿ ಅತ್ತೆನೋ ನನಗಾಗಿ ಅತ್ತೆನೋ ಗೊತ್ತಿಲ್ಲ.

ಸಂಜೆ ಅಮ್ಮನ ಮನೆಯಲ್ಲೇ ಕೂತು ಪೊಲೀಸರಿಗೆ ಕೊಡಬೇಕಾದ ಹೇಳಿಕೆ ಬರೆದೆ, ತಮಿಳಿನಲ್ಲಿ. ಹೋಸ್, ತುಕ್ಕು, ಪೌಡರು, ಅಂಗಳದ ಪೇಂಟು, ಎಂಟೂವರೆ ಅಡಿ, ಎಲ್ಲ ಬರೆದೆ. ಅಂಗಪ್ಪನ್ ಬಿಡುಗಡೆಯಾಗಲು ಅಷ್ಟು ಸಾಕಿತ್ತು. ಆಯುಧಪೂಜೆಯ ವಿಷಯ ಬಂದಾಗ ಪೆನ್ನು ನಿಂತಿತು. 'ಅಡಿಗೆ ಆಯಿಲ್ ಸ್ಪ್ರೇ ಹೊಡೆದಿದ್ದರಿಂದ ಸೋರಿಕೆ ಯಾರ ಕಣ್ಣಿಗೂ ಬೀಳಲಿಲ್ಲ' ಎಂದು ಬರೆದು ಮುಗಿಸಿದೆ. ಸುಳ್ಳೇನಲ್ಲ ಅದು. ಇಪ್ಪತ್ತೆರಡು ವರ್ಷ ರಿಪೋರ್ಟು ಬರೆದವನಿಗೆ ಇಷ್ಟು ಬಾರದೆ?

ಅಮ್ಮ ಹೊಸೂರಿನ ಕಡೆಯಿಂದ ಮದುವೆಯಾಗಿ ಬಂದವಳು. ತಮಿಳು ಮಾತಾಡುತ್ತಾಳೆ, ಓದಲು ಬಾರದು. ನನಗೂ ಅಣ್ಣನಿಗೂ ಕನ್ನಡ ಅಕ್ಷರ ಕಲಿಸಿದ್ದು ಅವಳೇ. ಎದುರಿಗೆ ಬಂದು ಕೂತಳು.

"ಓದು."

"ಕೇಸಿನ ಕಾಗದ ಅಮ್ಮಾ."

"ನಮ್ಮ ಮಾತಲ್ಲಿ ಹೇಳು."

ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಪೇಂಟಿನ ಸಾಲು ಬಂದಾಗ ಅವಳ ಬಾಯಿ ಸ್ವಲ್ಪ ತೆರೆಯಿತು. ಆ ವಳವಳ ಏನೆಂದು ಅವಳಿಗೆ ಆಗ ತಿಳಿಯಿತು. ಮೂರು ತಿಂಗಳು ತನ್ನ ಕೈಯಾರೆ ತೊಳೆದದ್ದು ಏನೆಂದು ತಿಳಿಯಿತು. ನಾನು ನಿಲ್ಲಿಸಿದೆ.

"ಮುಂದೆ," ಎಂದಳು.

ಕೊನೆಯ ಸಾಲಿನವರೆಗೆ ಓದಿದೆ.

"ಅಷ್ಟೇನಾ?" ಎಂದಳು. "ಅವತ್ತು ಬಗ್ಗಿ ನೋಡಿ ಒಂದೂ ಇಲ್ಲಾಂದದ್ದು ನೀನಲ್ವಾ? ಅದು ಎಲ್ಲಿ?"

ನಾನು ಕಾಗದ ಮಡಿಸಹೋದೆ.

"ಬರಿ ಪ್ರಸಾದೂ. ಅವನೂ ಹನ್ನೊಂದು ವರ್ಷ ಈ ಮನೆ ಅನ್ನ ತಿಂದಿದಾನೆ."

ಬರೆದೆ. ಹೆಸರು, ದಿನ, ನಾನು ಹೇಳಿದ ಮಾತು, ಎಲ್ಲವನ್ನೂ. ಬರೆದದ್ದನ್ನು ಅವಳಿಗೆ ಹೇಳಿದೆ. ಅವಳು ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ.

"ನಾನು ಕೂಗಿದ್ದು?"

"ಏನು ಕೂಗಿದ್ದು?" ಎಂದೆ, ಗೊತ್ತಿದ್ದೂ.

"ಬಾಗಿಲಲ್ಲಿ ನಿಂತು ನೋಡ್ತಾನೇ ಇದ್ದೆನಲ್ಲಡಾ. ಬಗ್ಗಿ ನೋಡ್ದೆ, ಸಾಲ್ಲಿಲ್ಲ ನಿಂಗೆ. ಒಂದು ಮಂಡಿ ಊರಿ ಕೈ ನೆಲಕ್ಕೆ ಇಡಕ್ಕೆ ಹೋದೆ. 'ಪ್ರಸಾದೂ, ಮಡಿ! ವಂಡಿ ಮುಟ್ಟಬೇಡ, ಇನ್ನೂ ನೈವೇದ್ಯ ಆಗಿಲ್ಲ' ಅಂತ ನಾನು ಕೂಗ್ದೆ. ಎದ್ದುಬಿಟ್ಟೆ. ಅದನ್ನೂ ಬರಿ."

ಹೌದು, ಕೂಗಿದ್ದಳು. ನಿಮಗೂ ನಾನು ಅದನ್ನು ಹೇಳದೆ ಬಿಟ್ಟಿದ್ದೆ.

"ಅದು ಬೇಡಮ್ಮಾ. ನೀನು ಕೂಗದಿದ್ರೂ ನಾನು ಮಲಗ್ತಿರ್ಲಿಲ್ಲ."

"ಅದು ನಿಂಗೆ ತಿಳೀದು, ನಂಗೂ ತಿಳೀದು," ಎಂದಳು ಅಮ್ಮ. "ವ್ಯಾಸ ನಿನ್ನ ಮಾತು ನಂಬ್ದ. ನೀನು ನನ್ನ ಮಾತು ಕೇಳ್ದೆ. ಬರಿ."

ಅವಳ ಮುಂದೆಯೇ ಬರೆದೆ.

ಮರುದಿನ ಸ್ಟೇಷನ್ನಿನಲ್ಲಿ ಸಬ್ ಇನ್‌ಸ್ಪೆಕ್ಟರ್ ಪೂರ್ತಿ ಓದಿದರು. ಕೊನೆಗೆ ಬಂದಾಗ ಹುಬ್ಬು ಗಂಟಿಕ್ಕಿ, "ಮಡಿ ಅಂದ್ರೆ ಏನು ಸಾರ್?" ಎಂದರು. ಹೇಳಿದೆ. "ಇದೆಲ್ಲ ಕೇಸಿಗೆ ಯಾಕೆ? ಪಾಪ, ವಯಸ್ಸಾದವರು," ಎಂದು ಆ ಎರಡು ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ನನ್ನ ಸಹಿ ಹಾಕಿಸಿಕೊಂಡರು. ನನ್ನ ಮೇಲೆ ಕೇಸಾಗಲಿಲ್ಲ. ಬಗ್ಗಿ ನೋಡಿ ತಪ್ಪು ಹೇಳಿದ್ದಕ್ಕೆ ಯಾವ ಸೆಕ್ಷನ್ನೂ ಹತ್ತುವುದಿಲ್ಲವಂತೆ. ಅಂಗಪ್ಪನ್‌ನ ಮಂಚದ ಪಕ್ಕದಿಂದ ಕಾನ್‌ಸ್ಟೇಬಲ್ ಎದ್ದುಹೋದ. ಆಮೇಲೆ ಕೇಸೂ ಬಿದ್ದುಹೋಯಿತು. ಕಾಲು ಮಾತ್ರ ಬರಲಿಲ್ಲ.

ಮನೆಗೆ ಬಂದಾಗ ಅಮ್ಮ ಗೇಟಿನಲ್ಲೇ ಕಾಯುತ್ತಿದ್ದಳು.

"ಬರ್ಕೊಂಡ್ರಾ? ನಾನು ಕೂಗಿದ್ದೂ ಬಂತಾ?"

ಅವಳ ಮುಖ ನೋಡಿದೆ. ಹೊಡೆದುಹಾಕಿದರು ಎಂದರೆ ನನ್ನೊಬ್ಬನ ತಲೆಗೇ ಎಲ್ಲ ಬಂತಲ್ಲ ಎಂದು ಕೊರಗುತ್ತಾಳೆ ಎಂದುಕೊಂಡೆ. "ಬಂತಮ್ಮಾ," ಎಂದೆ. ಅವಳು ಸರಿ ಎಂದು ಒಳಗೆ ಹೋದಳು.

ತಿಂಗಳು ತುಂಬಿ ಅಣ್ಣನ ಮೊದಲ ಮಾಸಿಕ ಬಂತು. ಪುರೋಹಿತರು ಬಂದರು, ಅಡುಗೆಯವರು ಬಂದರು. ಅಂಥ ದಿನ ನಮ್ಮಲ್ಲಿ ಅಡುಗೆಮನೆಗೆ ಕಾಲಿಡುವವರು ಸ್ನಾನ ಮಾಡಿ ಮಡಿ ಉಡಲೇಬೇಕು. ಅರವತ್ತು ವರ್ಷದಲ್ಲಿ ಅಮ್ಮ ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಜ್ವರದಲ್ಲೂ ಒದ್ದೆ ಸೀರೆಯಲ್ಲಿ ನಡುಗುತ್ತಾ ಬೇಯಿಸಿದವಳು. ಆ ದಿನ ಹಿಂದಿನ ದಿನದ ಹಳೆಯ ಸೀರೆಯಲ್ಲೇ ಜಗಲಿಯ ಕಂಬಕ್ಕೆ ಒರಗಿ, ಬೋಳು ದಳಗಳ ಕಡೆ ನೋಡುತ್ತಾ ಕೂತಿದ್ದಳು. ಅಡುಗೆಯವರು ಹೊರಗೆ ಬಂದು, "ಅಮ್ಮಾ, ಮಡಿ ಉಟ್ಕೊಂಡು ಬರ್ತೀರಾ? ಹೊತ್ತಾಗ್ತಿದೆ," ಎಂದು ಕೇಳಿದರು.

"ನಂಗೆ ಇನ್ನು ಮಡಿ ಇಲ್ಲ," ಎಂದಳು ಅಮ್ಮ. "ಪೊಲೀಸ್ ಸ್ಟೇಷನ್‌ಲಿ ಬರ್ದಾಗಿದೆ."

ಅಡುಗೆಯವರು ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಒಳಗೆ ಹೋಗಿ ಎಲೆ ಹಾಕತೊಡಗಿದೆ.